ಹೀರೆ, ಹಾಗಲ ಎಳೆಯದರಲ್ಲೇ ಕೊಳೀತಿದ್ಯಾ? ಬಲೆ ಕೊಳ್ಳೋ ಮುಂಚೆ ಇದನ್ನ ಓದಿ

ಹಿತ್ತಲಲ್ಲಿ ಹೀರೆ, ಹಾಗಲ, ಕುಂಬಳ ಹಬ್ಬಿಸಿದವರ ದೂರು ಒಂದೇ: ಹೀಚು ಚೆನ್ನಾಗಿ ಕಚ್ಚುತ್ತೆ, ಆಮೇಲೆ ಸೊಟ್ಟಗಾಗಿ, ಹಳದಿ ತಿರುಗಿ ಉದುರುತ್ತೆ. ಸೀಳಿ ನೋಡಿದರೆ ಒಳಗೆ ಬಿಳಿ ಹುಳ. ಇದು ಹಣ್ಣಿನ ನೊಣದ ಕೆಲಸ.

ಹೆಣ್ಣು ನೊಣ ಎಳೆ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತೆ. ಹುಳ ತಿರುಳು ತಿಂದು ಬೆಳೆದು, ಮಣ್ಣಿಗಿಳಿದು ಕೋಶವಾಗುತ್ತೆ. ಸುಮಾರು 7ರಿಂದ 10 ದಿನದಲ್ಲಿ ಹೊಸ ನೊಣವಾಗಿ ಮೇಲೇಳುತ್ತೆ. ಕಾಯಿಯೊಳಗಿರುವ ಹುಳಕ್ಕೆ ಮೇಲಿಂದ ಹೊಡೆದ ಔಷಧಿ ಸುಲಭಕ್ಕೆ ತಾಗಲ್ಲ.

ಉದುರಿದ ಕಾಯಿ: ಬುಡದಲ್ಲಿ ಬಿಡಬೇಡಿ, ತಿಪ್ಪೆಗೂ ಎಸೆಯಬೇಡಿ. ದಿನಾ ಆರಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು 1 ವಾರ ಬಿಸಿಲಿಗಿಡಿ.

ಬಲೆ: ಅಂಗಡಿಯಲ್ಲಿ ಬರೀ ‘ನೊಣದ ಬಲೆ’ ಅಂತ ಕೇಳಿದರೆ ಮಾವಿನದ್ದು ಕೊಟ್ಟುಬಿಡಬಹುದು. ಮಾವಿನ ನೊಣಕ್ಕೆ ಮೀಥೈಲ್ ಯೂಜಿನಾಲ್, ಬಳ್ಳಿ ತರಕಾರಿ ನೊಣಕ್ಕೆ ಕ್ಯೂ ಲೂರ್. ಪ್ಯಾಕೆಟ್ ಓದಿ ಕೊಳ್ಳಿ. ಅಂಗಡಿಯವರೂ ಬೆಳೆ ಯಾವುದು ಅಂತ ಕೇಳಿ ಕೊಟ್ಟರೆ ಗಿರಾಕಿ ದುಡ್ಡು ಉಳಿಯುತ್ತೆ. ಬಲೆಗೆ ಬೀಳೋದು ಗಂಡು ನೊಣ, ಹಾಗಾಗಿ ಅದೊಂದನ್ನೇ ನಂಬಬೇಡಿ.

ಕಾಗದದ ಚೀಲ: ಹೂವಿನ ಎಸಳು ಬಾಡಿ ಹೀಚು ನಿಂತ ಮೇಲೆ ಕಟ್ಟಿ. ಮೊದಲೇ ಕಟ್ಟಿದರೆ ಜೇನು ಒಳಗೆ ಹೋಗಲ್ಲ, ಕಾಯಿ ಕಚ್ಚಲ್ಲ.

ಸಸಿಯ ಎಲೆ ತೂತಾಗಿದ್ದರೆ ಅದು ಹೆಚ್ಚಾಗಿ ಕೆಂಪು ದುಂಬಿ. ಬೆಳಗಿನ ಜಾವ ಮಂಕಾಗಿರುತ್ತೆ, ಕೈಯಲ್ಲೇ ಹಿಡಿದು ಸೋಪಿನ ನೀರಿಗೆ ಹಾಕಿ.

ನೊಣಕ್ಕೆ ಕಾಂಪೌಂಡ್ ಲೆಕ್ಕಕ್ಕಿಲ್ಲ. ಅಕ್ಕಪಕ್ಕದ ಮನೆಯವರೂ ಉದುರಿದ ಕಾಯಿ ಆರಿಸಿದರೇನೇ ಗುಣ ಕಾಣೋದು.