ತಳವಾರ: ಕಾವಲಿನ ಒಂದು ಪದದ ಅರ್ಥವಿಸ್ತಾರ

ಕರ್ನಾಟಕದ ಗ್ರಾಮವ್ಯವಸ್ಥೆಯನ್ನು ಕುರಿತ ಅಧ್ಯಯನಗಳಲ್ಲಿ ಗೌಡ, ಶಾನುಭೋಗ, ನಾಡಗೌಡರಿಗೆ ದೊರೆತಿರುವ ಸ್ಥಾನ ಊರನ್ನು ಕಾಯುತ್ತಿದ್ದವರಿಗೆ ದೊರೆತಿಲ್ಲ. ಲೆಕ್ಕ ಬರೆದವರ ಹೆಸರು ಕಡತಗಳಲ್ಲಿ ಉಳಿಯಿತು. ರಾತ್ರಿಯೆಲ್ಲ ಎಚ್ಚರವಿದ್ದವರ ಹೆಸರು ಬಹುಮಟ್ಟಿಗೆ ಹುದ್ದೆಯ ಹೆಸರಾಗಿ ಮಾತ್ರ ಉಳಿಯಿತು. ಅಂತಹ ಹೆಸರುಗಳಲ್ಲಿ ‘ತಳವಾರ’ ಎಂಬುದು ಮುಖ್ಯವಾದುದು. ಶಾಸನಗಳಲ್ಲಿ ನಗರರಕ್ಷಣೆಯ ಅಧಿಕಾರಿಯಾಗಿ, ತೆರಿಗೆಯ ಹೆಸರಿನಲ್ಲಿ, ಗ್ರಾಮಸೇವಕನಾಗಿ, ಮನೆತನದ ಹೆಸರಾಗಿ, ಕೊನೆಗೆ ಸಂವಿಧಾನದ ಅನುಸೂಚಿಯಲ್ಲಿ ಒಂದು ಸಮುದಾಯದ ಹೆಸರಾಗಿ ಈ ಪದ ಕಾಣಿಸಿಕೊಂಡಿದೆ. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಣ ರಾಯಚೂರು ದೋಆಬ್ ಪ್ರದೇಶ ಈ ಪದದ ಚರಿತ್ರೆಯನ್ನು ಪರಿಶೀಲಿಸಲು ಉಚಿತವಾದ ನೆಲೆಯಾಗಿದೆ. ರಾಯಚೂರು ತಾಲ್ಲೂಕಿನ ಚಂದ್ರಬಂಡ ಸೀಮೆ ತೆಲುಗು ನಾಡಿಗೆ ಸಮೀಪವಿದ್ದು, ಅಲ್ಲಿ ಕನ್ನಡದ ‘ತಳವಾರ’ ಮತ್ತು ತೆಲುಗಿನ ‘ತಲಾರಿ’ ಒಂದನ್ನೊಂದು ಸಂಧಿಸುತ್ತವೆ. ಪಶ್ಚಿಮಕ್ಕೆ ದೇವದುರ್ಗ, ಮಾನ್ವಿಗಳ ಕಡೆಗೆ ಹೋದಂತೆ ಕನ್ನಡದ ರೂಪವೇ ಪ್ರಧಾನವಾಗುತ್ತದೆ.

ಪದದ ಪ್ರಾಚೀನತೆ

‘ತಳವರ’ ಎಂಬ ರೂಪ ಪ್ರಾಕೃತದಲ್ಲಿ ಬಹು ಹಿಂದಿನಿಂದಲೂ ಇದೆ. ಜೈನ ಆಗಮ ಸಾಹಿತ್ಯದಲ್ಲಿ ಅರಸನ ಸಭೆಯ ಗಣ್ಯರನ್ನು ಎಣಿಸುವಾಗ ತಳವರನೂ ಬರುತ್ತಾನೆ. ಕ್ರಿ.ಶ. ಮೂರನೆಯ ಶತಮಾನದ ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ‘ಮಹಾತಳವರ’ ಎಂಬ ಬಿರುದನ್ನು ಮಹಾಸೇನಾಪತಿಗಳೂ ರಾಜಮನೆತನದ ಸಂಬಂಧಿಗಳೂ ಧರಿಸಿದ್ದಾರೆ. ಅಲ್ಲಿ ಈ ಪದ ಊರ ಕಾವಲುಗಾರನನ್ನಲ್ಲ, ಉನ್ನತ ಸಾಮಂತನನ್ನು ಸೂಚಿಸುತ್ತದೆ. ಹನ್ನೆರಡನೆಯ ಶತಮಾನದ ಹೇಮಚಂದ್ರನ ‘ದೇಶೀನಾಮಮಾಲಾ’ದ ವೇಳೆಗೆ ‘ತಲಾರ’ ಎಂದರೆ ನಗರರಕ್ಷಕ ಎಂಬ ಅರ್ಥ ನೆಲೆಗೊಂಡಿತ್ತು. ಮೇವಾಡದ ೧೨೭೩ರ ಚೀರವಾ ಶಾಸನದಲ್ಲಿ ತಲಾರಕ್ಷರ ಒಂದು ಮನೆತನದ ವಂಶಾವಳಿಯೇ ಇದೆ. ಪದವು ದಕ್ಷಿಣಕ್ಕೆ ಮಾತ್ರ ಸೀಮಿತವಾಗಿರಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವ್ಯುತ್ಪತ್ತಿಯ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. ತಮಿಳಿನ ‘ತಲೈಯಾರಿ’ಯನ್ನು ಆಧರಿಸಿ ಮೊದಲ ಘಟಕವನ್ನು ‘ತಲೆ’ ಎಂದು ಅರ್ಥೈಸುವವರಿದ್ದಾರೆ. ಆದರೆ ಕನ್ನಡದ ರೂಪದಲ್ಲಿರುವುದು ‘ಳ’ಕಾರ. ‘ತಳ’ ಎಂದರೆ ನೆಲ, ನೆಲೆ. ದೇವಾಲಯಗಳಿಗೆ ಬಿಟ್ಟ ಭೂಮಿಗೆ ಶಾಸನಗಳಲ್ಲಿ ‘ತಳವೃತ್ತಿ’ ಎಂಬ ಪದವಿರುವುದನ್ನು ಇಲ್ಲಿ ನೆನೆಯಬಹುದು. ನೆಲೆಯನ್ನು ಕಾಯುವವನು ತಳವಾರ ಎಂಬ ಅರ್ಥವು ಪದದ ಬಳಕೆಗೆ ಹೆಚ್ಚು ಹೊಂದುತ್ತದೆ. ಖಡ್ಗವನ್ನು ಸೂಚಿಸುವ ‘ತಲವಾರ್’ ಬೇರೆಯೇ ಪದ. ಉಚ್ಚಾರದ ಸಾಮ್ಯದಿಂದ ಎರಡನ್ನೂ ಬೆರೆಸುವುದು ಸರಿಯಲ್ಲ.

ಮೈಗಾವಲು ಮತ್ತು ಊರಗಾವಲು

ಕನ್ನಡದಲ್ಲಿ ರಕ್ಷಕರನ್ನು ಸೂಚಿಸುವ ಪದಗಳು ಅನೇಕ. ಅರಸನ ದೇಹವನ್ನು ಕಾಯುವವನು ‘ಮೆಯ್ಗಾಪು’. ಒಡೆಯನೊಡನೆ ಸಾಯಲು ಪಣತೊಟ್ಟವನು ‘ವೇಳೆವಾಳಿ’. ‘ಲೆಂಕ’, ‘ಗರುಡ’ರೂ ಇದೇ ವರ್ಗಕ್ಕೆ ಸೇರುತ್ತಾರೆ. ಹಳೇಬೀಡಿನ ಗರುಡಗಂಬವು ಎರಡನೆಯ ಬಲ್ಲಾಳನ ಮರಣದ ತರುವಾಯ ಕುವರ ಲಕ್ಷ್ಮನು ತನ್ನ ಮಡದಿ ಹಾಗೂ ಸಂಗಡಿಗರೊಡನೆ ಮಾಡಿದ ಆತ್ಮಾರ್ಪಣೆಯ ಸ್ಮಾರಕವಾಗಿದೆ. ಇವರೆಲ್ಲರ ನಿಷ್ಠೆ ಒಬ್ಬ ವ್ಯಕ್ತಿಗೆ ಸಲ್ಲುವಂಥದು. ತಳವಾರನ ನಿಷ್ಠೆ ವ್ಯಕ್ತಿಗಲ್ಲ, ಸ್ಥಳಕ್ಕೆ. ಅರಸ ಬದಲಾದರೂ ಊರು ಉಳಿಯುತ್ತದೆ, ಊರಿನೊಡನೆ ತಳವಾರನೂ ಉಳಿಯುತ್ತಾನೆ. ರಾಜರಕ್ಷಕರ ಪದಗಳು ರಾಜಮನೆತನಗಳೊಂದಿಗೆ ಅಳಿದು ‘ತಳವಾರ’ ಮಾತ್ರ ಉಳಿದುಬಂದುದಕ್ಕೆ ಈ ವ್ಯತ್ಯಾಸವೇ ಕಾರಣವೆನ್ನಬಹುದು.

ಸಾಹಿತ್ಯದಲ್ಲಿ ತಳಾರ

‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯಲ್ಲಿ ತಳಾರನ ವೃತ್ತಿಯ ಸ್ವರೂಪ ಚೆನ್ನಾಗಿ ಮೂಡಿದೆ. ಅರಸುಮಗನಾಗಿದ್ದೂ ಚೋರವಿದ್ಯೆಯನ್ನು ಕಲಿತ ವಿದ್ಯುಚ್ಚೋರ ಮತ್ತು ತಳಾರನ ಮಗನಾದ ಯಮದಂಡ ಬಾಲ್ಯದ ಗೆಳೆಯರು. ಮುಂದೆ ಯಮದಂಡನು ತಳಾರನಾಗಿರುವ ಪಟ್ಟಣಕ್ಕೆ ವಿದ್ಯುಚ್ಚೋರ ಬಂದು ಅರಸನ ಹಾರವನ್ನು ಕದಿಯುತ್ತಾನೆ. ಗೊತ್ತಾದ ಅವಧಿಯೊಳಗೆ ಕಳ್ಳನನ್ನು ಹಿಡಿದುಕೊಡದಿದ್ದರೆ ಕಳ್ಳನಿಗೆ ಸಲ್ಲುವ ಶಿಕ್ಷೆ ತಳಾರನಿಗೇ ಸಲ್ಲಬೇಕಾಗುತ್ತದೆ. ಧಾರ್ಮಿಕ ಉದ್ದೇಶದ ಕಥೆಯಾದರೂ ಇದರಲ್ಲಿ ಎರಡು ಐತಿಹಾಸಿಕ ಸಂಗತಿಗಳಿವೆ: ತಳಾರಿಕೆ ತಂದೆಯಿಂದ ಮಗನಿಗೆ ಬರುವ ವೃತ್ತಿ ಎಂಬುದು ಒಂದು; ಕಳವಿಗೆ ಕಾವಲುಗಾರನೇ ಹೊಣೆ ಎಂಬುದು ಮತ್ತೊಂದು.

ಶರಣ ಪರಂಪರೆಯಲ್ಲಿ ‘ಕಾಮಹರಪ್ರಿಯ ರಾಮನಾಥ’ ಅಂಕಿತದ ತಳವಾರ ಕಾಮಿದೇವಯ್ಯನ ಹೆಸರು ದೊರೆಯುತ್ತದೆ. ಎಚ್ಚರಿಕೆ ಕಾಯಕದ ಮುಕ್ತಿನಾಥಯ್ಯನ ಹೆಸರನ್ನೂ ಇದರೊಡನೆ ಇಟ್ಟು ನೋಡಬೇಕು. ಕಾವಲು ಕಾಯುವುದು, ಎಚ್ಚರಿಸುವುದು ಕೀಳು ಚಾಕರಿಯಾಗದೆ ಕಾಯಕವೆಂಬ ಗೌರವ ಪಡೆದುದಕ್ಕೆ ಈ ಹೆಸರುಗಳೇ ಸಾಕ್ಷಿ.

ವಿಜಯನಗರ ಕಾಲ

ವಿಜಯನಗರ ಕಾಲದ ಶಾಸನಗಳಲ್ಲಿ ‘ತಳವಾರಿಕೆ’ ಎಂಬುದು ಹುದ್ದೆಯಷ್ಟೇ ಅಲ್ಲ, ಒಂದು ತೆರಿಗೆಯ ಹೆಸರೂ ಆಗಿದೆ. ಕಾವಲಿನ ವೆಚ್ಚವನ್ನು ಕಾಯಿಸಿಕೊಂಡವರೇ ಭರಿಸಬೇಕೆಂಬ ತತ್ತ್ವ ಇದರ ಹಿಂದಿದೆ. ೧೪೪೩ರಲ್ಲಿ ರಾಜಧಾನಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ನಗರರಕ್ಷಣೆಯ ಕಚೇರಿಯಲ್ಲಿ ೧೨,೦೦೦ ಮಂದಿ ಇದ್ದರೆಂದೂ ಅವರ ವೇತನ ವೇಶ್ಯಾವಾಟಿಕೆಯ ಹುಟ್ಟುವಳಿಯಿಂದ ಸಲ್ಲುತ್ತಿತ್ತೆಂದೂ ಬರೆದಿದ್ದಾನೆ. ಪೋರ್ಚುಗೀಸ್ ವರ್ತಕ ನ್ಯೂನಿಜನ ಹೇಳಿಕೆ ಇನ್ನೂ ಮಹತ್ವದ್ದು. ಯಾವ ನಾಯಕನ ಸೀಮೆಯಲ್ಲಿ ದರೋಡೆ ನಡೆಯಿತೋ ಆತನೇ ಕಳ್ಳನನ್ನು ಹಿಡಿದುಕೊಡಬೇಕು, ಇಲ್ಲವಾದರೆ ಆಸ್ತಿ ಕಳೆದುಕೊಳ್ಳಬೇಕು. ರಾಜಧಾನಿಯ ಕಳವುಗಳಿಗೆ ಅಲ್ಲಿನ ಮುಖ್ಯ ರಕ್ಷಣಾಧಿಕಾರಿ ಉತ್ತರ ಹೇಳಬೇಕು ಎಂದು ಅವನು ತಿಳಿಸುತ್ತಾನೆ. ವಡ್ಡಾರಾಧನೆಯ ಕಥೆಯಲ್ಲಿ ಕಂಡ ಹೊಣೆಗಾರಿಕೆ ಇಲ್ಲಿ ರಾಜ್ಯಾಡಳಿತದ ನಿಯಮವಾಗಿ ತೋರುತ್ತದೆ. ಹಂಪೆಯಿಂದ ಆನೆಗೊಂದಿಯ ಕಡೆಗೆ ಹೊಳೆ ದಾಟುವ ಸ್ಥಳಕ್ಕೆ ತಳವಾರಘಟ್ಟ ಎಂಬ ಹೆಸರಿದ್ದು, ದಾರಿಯಲ್ಲಿ ಕೋಟೆಯ ಬಾಗಿಲೂ ಇದೆ. ರಾಜಧಾನಿಗೆ ಬಂದುಹೋಗುವವರ ಮೇಲೆ ಕಣ್ಣಿಡುವ ಕೆಲಸದ ನೆನಪನ್ನು ಈ ಸ್ಥಳನಾಮ ಉಳಿಸಿಕೊಂಡಿದೆ.

ರಾಯಚೂರು ಕೋಟೆ ೧೨೯೪ರ ಕಾಕತೀಯರ ಕಾಲದ ಶಾಸನದಿಂದ ಮೊದಲ್ಗೊಂಡು ಹಲವು ಒಡೆತನಗಳನ್ನು ಕಂಡಿತು. ೧೫೨೦ರಲ್ಲಿ ಕೃಷ್ಣದೇವರಾಯನು ಆದಿಲಶಾಹಿಯಿಂದ ಅದನ್ನು ಗೆದ್ದುಕೊಂಡನು. ಮುಂದೆ ಅದು ಮತ್ತೆ ಬಿಜಾಪುರದ ವಶವಾಯಿತು. ಕೋಟೆಯ ಕಾವಲಿಗೆ ಕಿಲ್ಲೇದಾರ, ಪಟ್ಟಣದ ಕಾವಲಿಗೆ ಕೊತ್ವಾಲ ಎಂಬ ಹೊಸ ಹೆಸರುಗಳು ಬಂದವು. ಹಳ್ಳಿಯ ಕಾವಲಿಗೆ ಮಾತ್ರ ಹಳೆಯ ಹೆಸರೇ ಮುಂದುವರಿಯಿತು. ಹೀಗೆ ಒಮ್ಮೆ ಸಾಮಂತನನ್ನೂ ಆನಂತರ ನಗರಾಧಿಕಾರಿಯನ್ನೂ ಸೂಚಿಸುತ್ತಿದ್ದ ಪದ ಗ್ರಾಮಮಟ್ಟಕ್ಕೆ ಇಳಿಯಿತು.

ಆಯಗಾರ ವ್ಯವಸ್ಥೆಯಲ್ಲಿ

ಗ್ರಾಮದ ಹನ್ನೆರಡು ಆಯಗಾರರಲ್ಲಿ ತಳವಾರನೂ ಒಬ್ಬ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಕುರಿತು ೧೮೧೨ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಸಲ್ಲಿಕೆಯಾದ ಐದನೆಯ ವರದಿ ತಳವಾರ ಮತ್ತು ತೋಟಿಯ ಕೆಲಸಗಳನ್ನು ಬೇರ್ಪಡಿಸುತ್ತದೆ. ಅಪರಾಧಗಳ ಸುಳುಹು ಹಿಡಿಯುವುದು, ಒಂದೂರಿನಿಂದ ಮತ್ತೊಂದೂರಿಗೆ ಹೋಗುವವರಿಗೆ ಬೆಂಗಾವಲಾಗುವುದು ತಳವಾರನ ಕೆಲಸ; ಬೆಳೆಗಾವಲು, ಅಳತೆಯಲ್ಲಿ ನೆರವು ಮುಂತಾದ ಊರೊಳಗಿನ ಕೆಲಸ ತೋಟಿಯದು. ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಆಯ, ಮಾನ್ಯದ ಹೊಲ ಇವರ ಜೀವನಾಧಾರ. ಹೊಲಕ್ಕೂ ಕಾವಲಿಗೂ ಇದ್ದ ನಂಟನ್ನು ‘ಶೇತಸನದಿ’ ಎಂಬ ಪದ ಸ್ಪಷ್ಟಪಡಿಸುತ್ತದೆ. ‘ಶೇತ’ ಎಂದರೆ ಮರಾಠಿಯಲ್ಲಿ ಹೊಲ. ಸನದಿನ ಮೂಲಕ ಹೊಲ ಪಡೆದು ಕಾವಲು ಸೇವೆ ಸಲ್ಲಿಸುವವನು ಶೇತಸನದಿ. ನಿಜಾಮ ಸಂಸ್ಥಾನದ ಹಳ್ಳಿಗಳಲ್ಲಿ ಇದೇ ‘ಸೇತಸಿಂಧಿ’ ಎಂಬ ರೂಪ ತಾಳಿತು. ಮುಂಬಯಿ ಕರ್ನಾಟಕದಲ್ಲಿ ‘ಸನದಿ’, ‘ವಾಲೀಕಾರ’ ಎಂಬ ಅಡ್ಡಹೆಸರುಗಳು ಇಂದಿಗೂ ಉಳಿದಿವೆ.

ಬ್ರಿಟಿಷ್ ಆಡಳಿತ ಪ್ರದೇಶಗಳಲ್ಲಿ ಈ ಹುದ್ದೆಗೆ ಕಾನೂನಿನ ಚೌಕಟ್ಟು ಬಂದಿತು. ಬಳ್ಳಾರಿ ಸೇರಿದಂತೆ ಮದರಾಸು ಪ್ರಾಂತದಲ್ಲಿ ೧೮೧೬ರ ಹನ್ನೊಂದನೆಯ ರೆಗ್ಯುಲೇಷನ್ ಗ್ರಾಮ ಮುಖ್ಯಸ್ಥನನ್ನೂ ತಳವಾರನನ್ನೂ ಗ್ರಾಮ ಪೊಲೀಸರನ್ನಾಗಿ ಮಾನ್ಯ ಮಾಡಿತು. ಮುಂಬಯಿ ಪ್ರಾಂತದಲ್ಲಿ ೧೮೬೭ರ ಗ್ರಾಮ ಪೊಲೀಸ್ ಕಾಯಿದೆ, ೧೮೭೪ರ ವತನ ಕಾಯಿದೆಗಳು ಜಾರಿಗೆ ಬಂದವು. ರಾಯಚೂರು ದೋಆಬ್ ೧೮೫೩ರಲ್ಲಿ ಬ್ರಿಟಿಷರ ವಶಕ್ಕೆ ಹೋಗಿ ೧೮೬೦ರಲ್ಲಿ ನಿಜಾಮನಿಗೆ ಮರಳಿತು. ೧೮೬೫ರಲ್ಲಿ ಸಾಲಾರ್‌ಜಂಗ್ ಜಿಲ್ಲಾಬಂದಿ ವ್ಯವಸ್ಥೆ ತಂದನು. ವೇತನದ ಪೊಲೀಸ್ ಠಾಣೆಗಳು ಬೆಳೆದಂತೆ ಕಳವಿನ ತನಿಖೆ ತಳವಾರನ ಕೈತಪ್ಪಿತು. ಚಾವಡಿಯಲ್ಲಿ ನಿಲ್ಲುವುದು, ಕಂದಾಯಕ್ಕೆ ಜನರನ್ನು ಕರೆತರುವುದು, ಬಂದ ಅಧಿಕಾರಿಗಳ ಸೇವೆ ಮಾಡುವುದು ಉಳಿಯಿತು. ೧೮೯೪ರ ಕಿಟೆಲ್ ನಿಘಂಟಿನಲ್ಲಿ ಈ ಪದಕ್ಕೆ ಕಾವಲುಗಾರನೆಂಬ ಅರ್ಥವೇ ಇದ್ದರೂ, ವಾಸ್ತವದಲ್ಲಿ ಕಾವಲುಗಾರ ಅದಾಗಲೇ ಕರೆಯಾಳಾಗತೊಡಗಿದ್ದನು.

ಹುದ್ದೆ ಅಳಿದ ಮೇಲೆ

೧೯೫೬ರ ಏಕೀಕರಣದ ನಂತರ ಬಂದ ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮವು ೧೯೬೩ರ ಫೆಬ್ರುವರಿ ೧ರಿಂದ ಜಾರಿಗೆ ಬಂದು ವಂಶಪಾರಂಪರ್ಯ ಹುದ್ದೆಗಳನ್ನು ಕೊನೆಗೊಳಿಸಿತು. ಸೇವೆಗೆಂದು ಬಿಟ್ಟಿದ್ದ ಜಮೀನು ಸರಕಾರಕ್ಕೆ ಸೇರಿ, ನಿಗದಿತ ಹಣ ಕಟ್ಟಿದ ಹಿಂದಿನ ಹಿಡುವಳಿದಾರರಿಗೆ ಮರುಮಂಜೂರಾಗಬೇಕಿತ್ತು. ಅರ್ಜಿ ಬರೆಯಲು ಬಾರದವರಿಗೆ, ಹಣ ಹೊಂದಿಸಲಾಗದವರಿಗೆ ಈ ಹಕ್ಕು ಕೈಗೆಟುಕುವುದು ಸುಲಭವಾಗಿರಲಿಲ್ಲ. ಮರುಮಂಜೂರಾದ ಜಮೀನನ್ನು ಹದಿನೈದು ವರ್ಷ ಪರಭಾರೆ ಮಾಡದಂತೆ ೧೯೭೮ರಲ್ಲಿ ತಿದ್ದುಪಡಿ ತರಬೇಕಾಗಿ ಬಂದುದು ಈ ಹಿನ್ನೆಲೆಯಲ್ಲಿ ಗಮನಾರ್ಹ.

ಹುದ್ದೆ ಹೋಯಿತು, ಹೆಸರು ಉಳಿಯಿತು. ದೋಆಬ್ ಸೀಮೆಯಲ್ಲಿ ತಳವಾರಿಕೆಯನ್ನು ಬಹುವಾಗಿ ಬೇಡ ನಾಯಕ ಸಮುದಾಯದವರು ನಡೆಸುತ್ತಿದ್ದರು. ಉತ್ತರದ ಜಿಲ್ಲೆಗಳಲ್ಲಿ ಕಬ್ಬಲಿಗರೂ ಈ ಹೆಸರನ್ನು ಹೊಂದಿದ್ದಾರೆ. ೨೦೨೦ರ ತಿದ್ದುಪಡಿ ಅಧಿನಿಯಮದ ಮೂಲಕ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಪದದೊಡನೆ ಪರಿವಾರ ಮತ್ತು ತಳವಾರ ಪದಗಳು ಪರ್ಯಾಯಗಳಾಗಿ ಸೇರಿದವು. ತಳವಾರ ಎಂಬುದು ಜಾತಿಯ ಹೆಸರೋ, ಹಲವು ಜಾತಿಯವರು ಮಾಡಿದ ಕೆಲಸದ ಹೆಸರೋ ಎಂಬ ಪ್ರಶ್ನೆ ಆಗ ಪ್ರಮಾಣಪತ್ರದ, ಶಿಕ್ಷಣದ, ಉದ್ಯೋಗದ ಪ್ರಶ್ನೆಯಾಯಿತು. ಪದಚರಿತ್ರೆಯೊಂದೇ ಇದಕ್ಕೆ ಉತ್ತರ ನೀಡಲಾರದು. ಆದರೆ ಪದವು ಮೊದಲು ಪದವಿಯನ್ನು, ಆನಂತರ ಗ್ರಾಮದ ಹುದ್ದೆಯನ್ನು, ಕಾಲಕ್ರಮದಲ್ಲಿ ವಂಶವನ್ನು ಸೂಚಿಸಿತೆಂಬುದನ್ನೂ, ಪ್ರದೇಶದಿಂದ ಪ್ರದೇಶಕ್ಕೆ ಆ ವಂಶಗಳು ಬೇರೆಯಾಗಿದ್ದವೆಂಬುದನ್ನೂ ಮರೆತು ನೀಡುವ ಉತ್ತರ ಅಪೂರ್ಣವಾಗುತ್ತದೆ.

ಒಟ್ಟಿನಲ್ಲಿ, ಮಹಾತಳವರನಿಂದ ಊರ ತಳವಾರನವರೆಗೆ ಪದದ ಗೌರವ ಇಳಿಯುತ್ತ ಬಂದಿತಾದರೂ ಹೊಣೆ ಇಳಿಯಲಿಲ್ಲ. ಕಳವಾದರೆ ಉತ್ತರಿಸಬೇಕಾದವನು ಅವನೇ ಆಗಿದ್ದನು. ಚಂದ್ರಬಂಡ, ದೇವದುರ್ಗ, ಮಾನ್ವಿ ಸೀಮೆಯ ಇನಾಂ ದಾಖಲೆಗಳನ್ನೂ ಮನೆತನಗಳ ಮೌಖಿಕ ಪರಂಪರೆಯನ್ನೂ ಜೊತೆಗಿಟ್ಟು ಪರಿಶೀಲಿಸಿದಾಗ, ಗ್ರಾಮದ ಭದ್ರತೆ ಯಾರ ನಿದ್ದೆಯ ಬೆಲೆಯಲ್ಲಿ ಸಾಧ್ಯವಾಯಿತೆಂಬುದು ಇನ್ನಷ್ಟು ನಿಚ್ಚಳವಾಗುತ್ತದೆ.