ಚಿತ್ರದುರ್ಗದ ತೋಳ: ಅದು ಬದುಕುವ ನೆಲ ಯಾರದು?

‘ತೋಳ ಬಂತು ತೋಳ’ ಕತೆ ಕೇಳದೆ ಬೆಳೆದವರು ಕಡಿಮೆ. ತೋಳವನ್ನು ಕಣ್ಣಾರೆ ಕಂಡವರು ಅದಕ್ಕಿಂತ ಕಡಿಮೆ. ಬೆಂಗಳೂರಿಂದ ಚಿತ್ರದುರ್ಗಕ್ಕೆ ಹೊರಟ ಬಸ್ಸು ಹಿರಿಯೂರು ದಾಟಿದ ಮೇಲೆ ಎರಡೂ ಬದಿಗೆ ಕುರುಚಲು, ಕಲ್ಲುಗುಡ್ಡ, ಬೀಳು ಹೊಲ, ದೂರದಲ್ಲಿ ತಿರುಗುವ ಗಾಳಿಯಂತ್ರ. “ಇಲ್ಲೇನೂ ಇಲ್ಲ, ಬರೀ ಬಯಲು” ಅಂತ ನಾವು ಮತ್ತೆ ಮೊಬೈಲ್ ನೋಡೋಕೆ ಶುರು ಮಾಡುವ ಈ ಜಾಗವೇ ತೋಳದ ಮನೆ. ಸರ್ಕಾರದ ಕಡತವೂ ನಮ್ಮ ಹಾಗೇ ಯೋಚಿಸುತ್ತದೆ. ಇಂಥ ಹುಲ್ಲುಗಾವಲು, ಕುರುಚಲು ಪ್ರದೇಶವನ್ನು ದೇಶದ ಪಾಳುಭೂಮಿ ನಕ್ಷೆಯೊಳಗೆ ಸೇರಿಸಿಟ್ಟಿದೆ.

ಯಾವ ತೋಳ ಇದು?

ಸಿನಿಮಾಗಳಲ್ಲಿ ಹಿಮದ ಮೇಲೆ ಓಡುವ ತೋಳದ ಎದುರು ನಮ್ಮದು ಬಡಕಲು. ತೂಕ ಹೆಚ್ಚೂಕಡಿಮೆ 18ರಿಂದ 25 ಕೆ.ಜಿ. ಉದ್ದ ಕಾಲು, ಗಿಡ್ಡ ಕೂದಲು, ಒಣಹುಲ್ಲಿನ ಬಣ್ಣ. ವಂಶಾವಳಿಯಲ್ಲಿ ಮಾತ್ರ ಇದು ಹಿರಿಯಣ್ಣ. ಇಂದು ಜಗತ್ತಿನಲ್ಲಿ ಉಳಿದಿರುವ ತೋಳಗಳ ಅತಿ ಹಳೆಯ ಕವಲುಗಳಲ್ಲಿ ಭಾರತದ ತೋಳವೂ ಒಂದು ಎಂದು 2021ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ತೋರಿಸಿತು. 2025ರಲ್ಲಿ ಐಯುಸಿಎನ್ ಇದನ್ನು ಬೇರೆಯಾಗಿ ಪರಿಗಣಿಸಿ, ಅಳಿವಿನ ಅಪಾಯ ಎದುರಿಸುತ್ತಿರುವ ಪ್ರಾಣಿಗಳ ಪಟ್ಟಿಗೆ ಹಾಕಿತು.

ಸಂಖ್ಯೆ ಎಷ್ಟು? ದೇಶದಲ್ಲಿ ಸುಮಾರು 3,170 ವಯಸ್ಕ ತೋಳಗಳಿವೆ ಎಂಬುದು 2022ರಲ್ಲಿ ಪ್ರಕಟವಾದ ಅಂದಾಜು. ಅದೇ ವರ್ಷದ ಗಣತಿಯಲ್ಲಿ ಹುಲಿಗಳ ಅಂದಾಜು 3,682. ಅಂದ್ರೆ ತೋಳ ಹುಲಿಗಿಂತ ಕಡಿಮೆ ಇದೆ. ಹುಲಿಗೆ ಪ್ರಾಧಿಕಾರ ಇದೆ, ಬಜೆಟ್ ಇದೆ, ಸಫಾರಿ ಜೀಪಿದೆ. ತೋಳಕ್ಕೆ ಗಾದೆಗಳಿವೆ. ಕರ್ನಾಟಕದ ಮಟ್ಟಿಗೆ ಮೇವಾ ಸಿಂಗ್ ಮತ್ತು ಎಚ್.ಎನ್. ಕುಮಾರ ಅವರು 2006ರಲ್ಲಿ ಪ್ರಕಟಿಸಿದ ಸಮೀಕ್ಷೆ ಮುಖ್ಯವಾದದ್ದು. ರಾಜ್ಯದಲ್ಲಿ ಸುಮಾರು 555 ತೋಳಗಳಿರಬಹುದು, ಅವು ಪೂರ್ವದ ಒಣ ಬಯಲಿನಲ್ಲಿವೆ, ಬಹುಪಾಲು ಕುರಿ-ಮೇಕೆಯನ್ನೇ ನಂಬಿಕೊಂಡಿವೆ ಎಂದು ಅದು ಹೇಳಿತು.

ಗುಂಪು, ಗುಹೆ, ಮರಿ

ರೀಲ್ಸ್‌ಗಳಲ್ಲಿ ಓಡಾಡುವ ‘ಆಲ್ಫಾ ಮೇಲ್’ ಕತೆಯನ್ನು ಇಲ್ಲೇ ಬಿಟ್ಟುಬಿಡಿ. ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ ನೋಡಿದಾಗ ಹುಟ್ಟಿದ ಕಲ್ಪನೆ ಅದು. ತಮ್ಮ 1970ರ ಪುಸ್ತಕದಿಂದ ಅದನ್ನು ಜನಪ್ರಿಯಗೊಳಿಸಿದ ವಿಜ್ಞಾನಿ ಡೇವಿಡ್ ಮೆಕ್ ಅವರೇ ಮುಂದೆ ಅದು ತಪ್ಪು ಎಂದು ಬರೆದರು. ಕಾಡಿನ ತೋಳದ ಗುಂಪು ಅಂದ್ರೆ ಒಂದು ಸಂಸಾರ: ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಹಿಂದಿನ ವರ್ಷದ ಒಂದೆರಡು ಮಕ್ಕಳು.

ಮಳೆಗಾಲ ಮುಗಿಯುತ್ತಿದ್ದಂತೆ ಜೋಡಿ ಕೂಡುತ್ತದೆ. ಎರಡು ತಿಂಗಳು ಗರ್ಭ ಕಳೆದು, ಚಳಿಗಾಲದಲ್ಲಿ ನಾಲ್ಕರಿಂದ ಆರು ಮರಿ. ಹಳ್ಳದ ದಂಡೆಯಲ್ಲೋ ಬಂಡೆ ಸಂದಿಯಲ್ಲೋ ಮುಳ್ಳುಹಂದಿ ಬಿಟ್ಟುಹೋದ ಬಿಲದಲ್ಲೋ ಅವುಗಳ ವಾಸ. ಆ ಎರಡು-ಮೂರು ತಿಂಗಳು ತೋಳಕ್ಕೆ ಬೇಕಿರುವುದು ದಟ್ಟ ಕಾಡಲ್ಲ, ಜನ ತುಳಿಯದ ಒಂದು ಮೂಲೆ. ಆದರೆ ಜೆಸಿಬಿ ಹೊಲ ಮಟ್ಟ ಮಾಡಲು, ಹಳ್ಳದ ಮರಳು ತೆಗೆಯಲು ಬರುವುದೂ ಬೇಸಾಯದ ಬಿಡುವಿರುವ ಅದೇ ಒಣ ತಿಂಗಳುಗಳಲ್ಲಿ.

ಸಹಜ ಬೇಟೆ ಕೃಷ್ಣಮೃಗ, ಚಿಂಕಾರ, ಮೊಲ, ಇಲಿ-ಹೆಗ್ಗಣ. ಇವು ಕರಗಿದ ಕಡೆಯೆಲ್ಲ ಉಳಿದದ್ದು ಕುರಿಮಂದೆ.

ನಷ್ಟ ಯಾರ ಮೇಲೆ?

ಕುರಿ ಹೋದರೆ ಹೋಗುವುದು ಕಾಡುಗೊಲ್ಲರದ್ದು, ಕುರುಬರದ್ದು, ಮ್ಯಾಸನಾಯಕರದ್ದು. ತೋಳ ಉಳಿಸಿ ಎಂದು ನಗರದಲ್ಲಿ ಕೂತು ಬರೆಯುವ ನನ್ನಂಥವರದ್ದಲ್ಲ. ಆದರೂ ಈ ಸೀಮೆಯಲ್ಲಿ ‘ತ್ವಾಳ’ ಇನ್ನೂ ಉಳಿದಿದ್ದರೆ ಅದು ಕುರಿಗಾಹಿಗಳ ಸಹನೆಯಿಂದ. ಮುಳ್ಳುಬೇಲಿಯ ರೊಪ್ಪ, ಮಂದೆ ಜತೆ ನಾಯಿ, ರಾತ್ರಿ ಕಂಬಳಿ ಹೊದ್ದು ಸರದಿ ಕಾವಲು: ತಲೆಮಾರುಗಳಿಂದ ಬಂದ ವ್ಯವಸ್ಥೆ ಇದು. ಸಹನೆ ತಪ್ಪಿದಾಗ ಗುಹೆಗೆ ಹೊಗೆ ಹಾಕುವುದು, ಬಾಯಿಗೆ ಕಲ್ಲು ತುಂಬುವುದು, ಸತ್ತ ಕುರಿಗೆ ವಿಷ ಸವರುವುದೂ ಇದೆ. ಇದು ಹಳ್ಳಿಯವರ ಕ್ರೌರ್ಯ ಅನ್ನುವ ಮುಂಚೆ ಇದನ್ನೂ ಓದಿ: ಬ್ರಿಟಿಷ್ ಸರ್ಕಾರ ತಲೆಗಿಷ್ಟು ಅಂತ ಬಹುಮಾನ ಕೊಟ್ಟು ಕೊಲ್ಲಿಸುತ್ತಿದ್ದ ಕಾಲದಲ್ಲಿ, 1875ರಿಂದ 1925ರ ನಡುವೆ, ಸುಮಾರು 2 ಲಕ್ಷ ತೋಳಗಳು ಸತ್ತವು ಎಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ.

ಈಗ ಕಾನೂನು ತಿರುಗಿದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಹುಲಿ, ಆನೆ ಜತೆ ತೋಳವೂ ಇದೆ. ಕಾಡುಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆ ಪರಿಹಾರವೂ ಇದೆ. ಆದರೆ ಪರಿಹಾರಕ್ಕೆ ಸತ್ತ ಪ್ರಾಣಿ ಬೇಕು, ಫೋಟೋ ಬೇಕು, ಪಂಚನಾಮೆ ಬೇಕು. ತೋಳ ಮರಿಯನ್ನು ಕಚ್ಚಿಕೊಂಡೇ ಓಡುತ್ತದೆ. ಮಂದೆ ನಾಳೆ ಬೆಳಗ್ಗೆ ಮುಂದಿನೂರಿಗೆ ಹೊರಡಬೇಕು. ಯಾವ ಕಚೇರಿಗೆ ಅಲೆಯೋದು?

ಕಾವಲು ಕರಗಿದ ಕತೆ

ಮೈಸೂರು ಅರಸರ, ಹೈದರ್-ಟಿಪ್ಪುವಿನ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳೇ ‘ಕಾವಲು’ಗಳು. ದನದ ಜತೆ ಕೃಷ್ಣಮೃಗ, ಎರ್ಲಡ್ಡು ಹಕ್ಕಿ, ತೋಳ ಎಲ್ಲಕ್ಕೂ ಅದೇ ಆಸರೆ. ಹಿರಿಯೂರಿನ ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಏನಾಯಿತು ಅಂತ ನಿಮಗೆ ಗೊತ್ತಿರಬಹುದು. 2008-10ರ ಸುಮಾರಿಗೆ ಕುದಾಪುರ, ಉಳ್ಳಾರ್ತಿ ಕಡೆಯ ಸುಮಾರು 10,000 ಎಕರೆ ಕಾವಲನ್ನು ಡಿಆರ್‌ಡಿಒ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಮತ್ತು ಸೌರ ಯೋಜನೆಗೆ ಹಂಚಲಾಯಿತು. ಗೋಡೆ ಎದ್ದ ಮೇಲೆ ಮೇಯುವ ದಾರಿ ಮುಚ್ಚಿತು ಅಂತ ಸುತ್ತಲಿನ ಹಳ್ಳಿಗಳು ಹೋರಾಡಿದವು, ವಿವಾದ ಹಸಿರು ನ್ಯಾಯಮಂಡಳಿ ತಲುಪಿತು. ಆ ಗೋಡೆ ಕುರಿಗಾಹಿಯನ್ನೂ ತೋಳವನ್ನೂ ಒಟ್ಟಿಗೇ ಹೊರಗಿಟ್ಟಿತು.

ಹೊಸದುರ್ಗ, ಹೊಳಲ್ಕೆರೆ ಕಡೆ ಚಿತ್ರ ಬೇರೆ. ಅಲ್ಲಿ ಗುಡ್ಡದ ಸಾಲಿಗೆ ಗಾಳಿಯಂತ್ರ ಮತ್ತು ಗಣಿ, ತಗ್ಗಿಗೆ ತೆಂಗು-ಅಡಿಕೆ ತೋಟ. ಗಾಳಿಯಂತ್ರ ‘ಹಸಿರು’ ಅಲ್ಲವೇ? ಪೂರ್ತಿ ಅಲ್ಲ. ಕರ್ನಾಟಕದ ಹಳೆಯ ಗಾಳಿ ವಿದ್ಯುತ್ ಪ್ರದೇಶಗಳ ಬಗ್ಗೆ 2022ರಲ್ಲಿ ಪ್ರಕಟವಾದ ಅಧ್ಯಯನ, ಯಂತ್ರಗಳು ಕಡಿಮೆ ಇರುವ, ಅವುಗಳಿಂದ ದೂರದ ಜಾಗಗಳಲ್ಲೇ ಕೃಷ್ಣಮೃಗ, ಚಿಂಕಾರ, ನರಿ, ಕಾಡುಬೆಕ್ಕು ಹೆಚ್ಚು ಎಂದು ಕಂಡಿತು. ಆ ಪಟ್ಟಿಯ ಮೊದಲೆರಡು ಪ್ರಾಣಿಗಳು ತೋಳದ ಊಟ.

ಭದ್ರಾ ಮೇಲ್ದಂಡೆ ಬಗ್ಗೆ ಮಾತಾಡುವುದು ಇನ್ನೂ ಕಷ್ಟ. ಬರದ ಜಿಲ್ಲೆಯ ಜನ ದಶಕಗಳ ಕಾಲ ಬೀದಿಗಿಳಿದು ಕೇಳಿದ ನೀರು ಅದು. ತೋಳಕ್ಕಾಗಿ ಹೊಲ ಒಣಗಿರಲಿ ಅನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ನೀರು ಬಂದ ಕೂಡಲೇ ಊರಿನ ಗೋಮಾಳವೂ ಖಾಸಗಿ ತೋಟವಾಗಿಬಿಡಬೇಕು ಅಂತ ಯಾವ ಹೋರಾಟವೂ ಕೇಳಿರಲಿಲ್ಲ.

ವನ್ಯಧಾಮ ಮಾಡಿದರೆ ಸಾಕಾ?

ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ರಾಜ್ಯ ಸರ್ಕಾರ ತೋಳ ಧಾಮ ಮಾಡಿದೆ. ಒಳ್ಳೆಯದೇ. ಆದರೆ ಅದರ ವಿಸ್ತೀರ್ಣ ಸುಮಾರು 332 ಹೆಕ್ಟೇರ್, ಅಂದರೆ ಮೂರೂ ಕಾಲು ಚದರ ಕಿ.ಮೀ. ಒಂದು ಗುಂಪು ಸುತ್ತುವುದು ನೂರು-ಇನ್ನೂರು ಚದರ ಕಿ.ಮೀ. ಧಾಮ ಅದಕ್ಕೆ ಬಾಣಂತಿ ಕೋಣೆಯಾದೀತು, ಬದುಕು ಹೊರಗಿನ ಬಯಲಲ್ಲೇ. ಚಿತ್ರದುರ್ಗದ ಜೋಗಿಮಟ್ಟಿಗೂ ಈ ಮಾತು ಅನ್ವಯ. ಇನ್ನು ಹುಲ್ಲುಗಾವಲಿಗೆ ಗುಂಡಿ ತೋಡಿ ಸಾಲುಸಾಲು ಗಿಡ ನೆಟ್ಟು ‘ಅರಣ್ಯೀಕರಣ’ ಅಂತ ಫಲಕ ಹಾಕುವುದು, ಬಯಲಿನ ಪ್ರಾಣಿಯ ಮಟ್ಟಿಗೆ, ಇನ್ನೊಂದು ಒತ್ತುವರಿ ಅಷ್ಟೇ.

ಹೊಸ ಅಪಾಯ ಬೀದಿನಾಯಿ. ಕಸದ ರಾಶಿಯಲ್ಲಿ ಬೆಳೆದ ನಾಯಿಗಳಿಂದ ರೇಬಿಸ್, ಡಿಸ್ಟೆಂಪರ್ ತೋಳಕ್ಕೆ ಹರಡುತ್ತದೆ. ಪುಣೆ ಬಳಿ ತೋಳ-ನಾಯಿ ಮಿಶ್ರತಳಿ ಇರುವುದು 2023ರಲ್ಲಿ ಜೀನೋಮ್ ಪರೀಕ್ಷೆಯಿಂದ ಖಚಿತವಾಯಿತು. ಹಳ್ಳಿ ನಾಯಿಗಳಿಗೆ ಲಸಿಕೆ ಹಾಕಿಸುವುದು ತೋಳ ಸಂರಕ್ಷಣೆಯೂ ಹೌದು, ಊರಿನ ಮಕ್ಕಳ ರಕ್ಷಣೆಯೂ ಹೌದು.

ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. ಅರಣ್ಯ ಹಕ್ಕು ಕಾಯ್ದೆ 2006ರ ಸೆಕ್ಷನ್ 3(1)(ಡಿ) ಅಲೆಮಾರಿ ಪಶುಪಾಲಕರ ಮೇಯಿಸುವ ಹಕ್ಕನ್ನು ಹೆಸರಿಸಿಯೇ ಒಪ್ಪುತ್ತದೆ. ಕರ್ನಾಟಕ ಭೂಕಂದಾಯ ನಿಯಮ 97ರ ಪ್ರಕಾರ ಪ್ರತಿ 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು. ನಿಮ್ಮೂರಲ್ಲಿ ಎಷ್ಟಿದೆ, ಅದರಲ್ಲಿ ಎಷ್ಟು ಯಾರ ಹೆಸರಿಗೆ ಹೋಗಿದೆ ಎಂಬುದು ಪಹಣಿಯಲ್ಲಿರುತ್ತದೆ. ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿ ನೋಡಬಹುದು, ಮುಂದಿನ ಗ್ರಾಮಸಭೆಯಲ್ಲಿ ಕೇಳಬಹುದು.