ಎರಡು ಮನೆಗಳ ದಾಂಪತ್ಯ

ಕ್ರಿ.ಶ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ತುಳುನಾಡಿನ ಮಣೇಲಿನಲ್ಲಿ ಉಳ್ಳಾಲದ ಚೌಟರಾಣಿ ಅಬ್ಬಕ್ಕದೇವಿಯನ್ನು ಕಂಡನು. ಗದ್ದೆಗಳಿಗೆ ನೀರು ಹಾಯಿಸುವ ಕಾಲುವೆಗಳ ಕೆಲಸವನ್ನು ನೋಡಲು ಆಕೆ ಬರಿಗಾಲಿನಲ್ಲಿ ಬಂದಿದ್ದಳು; ಸಾದಾ ಹತ್ತಿಯ ಉಡುಗೆ, ತಾಳೆಗರಿಯ ಕೊಡೆ. ಆ ಭೇಟಿಯೊಡನೆ ರಾಣಿಯ ದಾಂಪತ್ಯದ ವೃತ್ತಾಂತವನ್ನೂ ಅವನು ಬರೆದಿಟ್ಟಿದ್ದಾನೆ.

ರಾಣಿಯ ಪತಿ ನೆರೆಸೀಮೆಯ ಬಂಗರಾಜ. ಚೌಟರೂ ಬಂಗರೂ ಜೈನ ಅರಸುಮನೆತನದವರು. ವಿವಾಹವಾದರೂ ಆಕೆ ಪತಿಗೃಹದಲ್ಲಿ ನೆಲೆಸಲಿಲ್ಲ. ಇಬ್ಬರೂ ತಂತಮ್ಮ ಸೀಮೆಯಲ್ಲಿದ್ದು, ಗಡಿಯಲ್ಲಿ, ನದಿಯ ದೋಣಿಗಳಲ್ಲಿಯೋ ಡೇರೆಗಳಲ್ಲಿಯೋ ಕೂಡುತ್ತಿದ್ದರಂತೆ. ಮುಂದೆ ವೈಮನಸ್ಯ ಹುಟ್ಟಿತು. ಪತಿಯಿತ್ತ ಒಡವೆಗಳನ್ನು ಮರಳಿಸಿ ಆಕೆ ಸಂಬಂಧವನ್ನು ಕಡಿದುಕೊಂಡಳೆಂದು ಹೇಳಿಕೆ. ಬಂಗನು ಪೋರ್ಚುಗೀಸರನ್ನು, ರಾಣಿ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ನೆರವಿಗೆ ಕರೆದರು.

ಇದನ್ನು ಸ್ವೇಚ್ಛಾಚಾರವೆಂದು ಬಗೆಯುವುದು ಸುಲಭ, ಆದರೆ ನ್ಯಾಯವಲ್ಲ. ಅಳಿಯಸಂತಾನ ಕಟ್ಟಿನಲ್ಲಿ ಕುಲವೂ ಆಸ್ತಿಯೂ ಹೆಣ್ಣಿನ ಮೂಲಕ ಇಳಿದು ಬರುತ್ತಿದ್ದವು. ಮಕ್ಕಳು ತಾಯಿಯ ಕುಟುಂಬದವರು. ಪುರುಷನಿಗೆ ವಾರಸುದಾರ ಮಗನಲ್ಲ, ಸೋದರಳಿಯ. ವಿವಾಹದಿಂದ ಹೊಸ ಮನೆ ಹುಟ್ಟಬೇಕಾಗಿರಲಿಲ್ಲ. ಆದುದರಿಂದಲೇ ಸಂಬಂಧ ಮುರಿದಾಗಲೂ ಅಬ್ಬಕ್ಕದೇವಿ ನೆಲೆ ತಪ್ಪಲಿಲ್ಲ, ಪಟ್ಟವೂ ತಪ್ಪಲಿಲ್ಲ.

ಆ ಪ್ರವಾಸಿಯ ಸ್ವಂತ ಬಾಳಿನಲ್ಲಿ ವಿವಾಹದ ಅರ್ಥವೇ ಬೇರೆ. ಬಾಗ್ದಾದಿನಲ್ಲಿ ವರಿಸಿದ ಪತ್ನಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಾಗ, ಕಳೇಬರ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿರಿಸಿ, ಭಾರತಕ್ಕೂ ತಂದನು. 1626ರಲ್ಲಿ ರೋಮಿಗೆ ಮರಳಿದ ಬಳಿಕ ಅರಾಚೇಲಿ ಚರ್ಚಿನಲ್ಲಿ ತನ್ನ ವಂಶದವರ ಸಮಾಧಿಯಲ್ಲಿ ಹೂಳಿಸಿದನು. ಸತ್ತ ಮೇಲೂ ಪತ್ನಿ ಪತಿಕುಲದ ನೆಲವನ್ನೇ ಸೇರಬೇಕು! ಅವನ ಪ್ರೇಮ ಅಕೃತ್ರಿಮವಾದುದೆಂಬುದರಲ್ಲಿ ಸಂಶಯವಿಲ್ಲ; ಆದರೆ ಅದೇ ಅಳತೆಗೋಲಿನಿಂದ ಉಳ್ಳಾಲದ ರಾಣಿಯನ್ನು ಅಳೆಯಲಾಗದು.

ಜಿನಾಗಮವು ಶ್ರಾವಕನಿಂದ ಬಯಸುವುದು ಸ್ವದಾರಸಂತೋಷವನ್ನು. ಅನ್ಯರ ವಿವಾಹಗಳನ್ನು ಮಾಡಿಸುತ್ತ ತಿರುಗುವುದನ್ನೂ ತತ್ತ್ವಾರ್ಥಸೂತ್ರವು ಬ್ರಹ್ಮಚರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. (ನಮ್ಮ ಸಂಬಂಧ ಕುದುರಿಸುವವರು ಇದನ್ನು ನೆನೆಯುವುದು ಅಪರೂಪ.) ಸತಿಪತಿಯರು ಯಾರ ಮನೆಯಲ್ಲಿ ವಾಸಿಸಬೇಕು, ಆಸ್ತಿ ಯಾರಿಗೆ ಸಲ್ಲಬೇಕು ಎಂಬುದು ಲೋಕಾಚಾರದ ವಿಷಯ. ಬಂಗನಿಗೆ ಬೇರೆ ಪತ್ನಿಯರಿದ್ದರೆಂದು ದೆಲ್ಲಾ ವಾಲೆಯೇ ತಿಳಿಸುತ್ತಾನೆ. ರಾಣಿಯ ಕುರಿತ ಊರಮಾತನ್ನೂ ಬಿಟ್ಟಿಲ್ಲ. ಊರಮಾತು ಪ್ರಮಾಣವಲ್ಲ. ಅಣುವ್ರತದ ಒರೆಗಲ್ಲಿಗೆ ಹಚ್ಚುವುದಾದರೆ ಪ್ರಶ್ನೆಯೇಳುವುದು ಬಂಗನ ಅಂತಃಪುರದ ಬಗ್ಗೆ, ಗಡಿಯ ದೋಣಿಗಳ ಬಗ್ಗೆ ಅಲ್ಲ.

1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದ ಕುಟುಂಬದ ಆಸ್ತಿಯ ಪಾಲಿಗೆ ದಾರಿಯಾಯಿತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಬಳಿಕ ಮಕ್ಕಳು ತಂದೆಗೂ ವಾರಸುದಾರರಾದರು. ಸೋದರಮಾವನ ಯಜಮಾನಿಕೆ ಹಿರಿಯರ ನೆನಪಿಗೆ ಸರಿಯಿತು.